ಮೂರು ಊರು, ಒಂದು ಆಕಾಶ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆ ಮದ್ದೂರು ಎಂದರೆ ವಡೆ, ಮಂಡ್ಯ ಎಂದರೆ ಸಕ್ಕರೆ. ಮಳವಳ್ಳಿ ರೈಲು ಹಾದಿಯಿಂದ ದೂರ. ಅತ್ತ ಹೊರಟವರು ಬಹುಮಟ್ಟಿಗೆ ಗಗನಚುಕ್ಕಿಯಲ್ಲಿ ಧುಮ್ಮಿಕ್ಕುವ ಕಾವೇರಿಯನ್ನು ನೋಡಲು ಹೊರಟವರು. ಕಬ್ಬು, ಭತ್ತ, ತೆಂಗು, ನಾಲೆಯ ನೀರು, ದೂರದಲ್ಲೊಂದು ಆಲೆಮನೆಯ ಹೊಗೆ. ಹಗಲಿನ ಪ್ರವಾಸಿಗೆ ಈ ಸೀಮೆ ತೋರಿಸುವುದು ಇಷ್ಟು. ಸಂಜೆಯ ಬಸ್ಸು ಹಿಡಿದು ಊರಿಗೆ ಮರಳುವ ಆತ ಸೀಮೆಯ ಇನ್ನರ್ಧವನ್ನು ನೋಡುವುದೇ ಇಲ್ಲ. ಆ ಇನ್ನರ್ಧ ತೆರೆದುಕೊಳ್ಳುವುದು ಕತ್ತಲಾದ ಮೇಲೆ, ತಲೆಯ ಮೇಲೆ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಈ ಒಂದು ಸಂಖ್ಯೆಯಲ್ಲಿ ಅವುಗಳ ಆಕಾಶದ ಸಿರಿಯೆಲ್ಲ ಅಡಗಿದೆ. ಧ್ರುವ ನಕ್ಷತ್ರ ಇಲ್ಲಿ ಉತ್ತರದ ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮೇಲೆ ನಿಂತಿರುತ್ತದೆ. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ 25 ಡಿಗ್ರಿ ಎತ್ತರಕ್ಕೆ ಏರುತ್ತದೆ. ತ್ರಿಶಂಕುವಿನ ಅತಿ ಪ್ರಕಾಶದ ತಾರೆ ಹದಿನಾಲ್ಕು ಡಿಗ್ರಿಯನ್ನು ಮುಟ್ಟುತ್ತದೆ. ಲಂಡನ್ನಿನ ನಿವಾಸಿಗೆ ತ್ರಿಶಂಕು ಎಂದೂ ಕಾಣದು. ಸಿಡ್ನಿಯವನಿಗೆ ಧ್ರುವ ಎಂದೂ ಕಾಣದು. ಮಂಡ್ಯದ ಗದ್ದೆ ಬಯಲಿನಲ್ಲಿ ನಿಂತವನಿಗಾದರೋ ಮಾರ್ಚ್ ಕೊನೆಯ ನಡುರಾತ್ರಿಯ ಹೊತ್ತಿಗೆ ಎರಡೂ ಏಕಕಾಲಕ್ಕೆ ಕಾಣುತ್ತವೆ, ಒಂದು ಎದುರಿಗೆ, ಇನ್ನೊಂದು ಬೆನ್ನ ಹಿಂದೆ. ಕಣ್ಣಿಗೆ ಎರಡನ್ನೂ ಒಟ್ಟಿಗೆ ಹಿಡಿಯಲಾಗದು. ಆದರೆ ಹಾಗೆ ಹಿಡಿಯಬಲ್ಲ ಕ್ಯಾಮೆರಾ ಒಂದಿದೆ, ಮತ್ತು ಅದನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು.

ಮೀನಿನ ಕಣ್ಣು

ಶಿಂಷಾ ನದಿಯ ತಿಳಿ ಮಡುವಿನಲ್ಲಿರುವ ಮೀನೊಂದು ಮೇಲೆ ನೋಡಿದರೆ ಅದಕ್ಕೆ ಏನು ಕಾಣುತ್ತದೆ? ನೀರಿಗೆ ಬರುವ ಬೆಳಕು ವಕ್ರೀಭವನಗೊಂಡು ಬಾಗುವುದರಿಂದ ದಂಡೆಯಿಂದ ದಂಡೆಯವರೆಗಿನ ಇಡೀ ಆಕಾಶ ಒಂದು ದುಂಡು ಕಿಟಕಿಯೊಳಗೆ ಕುಗ್ಗಿ ಕಾಣುತ್ತದೆ. 180 ಡಿಗ್ರಿಯ ಆಕಾಶ ಸುಮಾರು 97 ಡಿಗ್ರಿಯ ಶಂಕುವಿನಲ್ಲಿ ಅಡಕವಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1906ರಲ್ಲಿ ನೀರು ತುಂಬಿದ ಸೂಜಿರಂಧ್ರ ಕ್ಯಾಮೆರಾದಿಂದ ಇಂಥ ಚಿತ್ರ ತೆಗೆದು ಅದಕ್ಕೆ ಮೀನುಗಣ್ಣಿನ ನೋಟ ಎಂದು ಹೆಸರಿಟ್ಟ. 1924ರಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಮೋಡಗಳ ಚಿತ್ರ ತೆಗೆಯಲೆಂದು ಇಡೀ ಆಕಾಶವನ್ನು ಹಿಡಿಯುವ ಮಸೂರವನ್ನೇ ರೂಪಿಸಿದ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಧ್ರುವಪ್ರಭೆಯ ಅಧ್ಯಯನಕ್ಕಾಗಿ ಇಂಥ ಸರ್ವಾಕಾಶ ಕ್ಯಾಮೆರಾಗಳನ್ನು ಹಲವು ದೇಶಗಳಲ್ಲಿ ನಿಲ್ಲಿಸಲಾಯಿತು.

ಕನ್ನಡ ನಾಡಿಗೆ ನಂಟಿರುವ ಸರ್ವಾಕಾಶ ಕ್ಯಾಮೆರಾ ಇರುವುದು ಬಹು ದೂರದ ಲಡಾಖಿನಲ್ಲಿ. ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರವಿರುವ ಭಾರತೀಯ ಖಭೌತ ಸಂಸ್ಥೆಯ ಹಾನ್ಲೆ ವೀಕ್ಷಣಾಲಯ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಮೋಡ ಕವಿದಿದೆಯೇ ಎಂದು ಇಣುಕಿ ನೋಡಲು ಅಲ್ಲಿ ಸರ್ವಾಕಾಶ ಕ್ಯಾಮೆರಾ ಇದೆ. 2023ರ ಏಪ್ರಿಲ್ 22–23ರ ರಾತ್ರಿ ಸೌರ ಬಿರುಗಾಳಿ ಭೂಮಿಯನ್ನು ತಟ್ಟಿದಾಗ ಧ್ರುವಪ್ರದೇಶದಲ್ಲಿ ಕಾಣಬೇಕಾದ ಕೆಂಪು ಪ್ರಭೆಯನ್ನು ಇದೇ ಕ್ಯಾಮೆರಾ ಹಿಡಿಯಿತು. 2024ರ ಮೇ 10–11ರ ರಾತ್ರಿ ಮತ್ತೊಮ್ಮೆ ಹಿಡಿಯಿತು. ಮೋಡ ಕಾಯಲು ಕೂರಿಸಿದ ಕಾವಲುಗಾರ ಅಪರೂಪದ ಅತಿಥಿಯನ್ನು ಗುರುತಿಸಿದ ಹಾಗಾಯಿತು. ಬಿಡದೆ ನೋಡುತ್ತಿರುವುದೇ ಈ ಉಪಕರಣದ ದೊಡ್ಡ ಗುಣ.

ತಾರಸಿಯ ಮೇಲಿನ ಕೊಳವೆ

ಮನೆಯಲ್ಲಿ ಕಟ್ಟುವ ಸರ್ವಾಕಾಶ ಕ್ಯಾಮೆರಾಕ್ಕೆ ಬೇಕಾದ ಮುಖ್ಯ ಭಾಗಗಳು ನಾಲ್ಕೇ. ಒಂದು, ಅಂಗೈಯಗಲದ ಕಂಪ್ಯೂಟರ್ ಫಲಕ. ರಾಸ್ಪ್‌ಬೆರಿ ಪೈ ಎಂಬುದು ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. ಎರಡು, ದೀರ್ಘ ಹೊತ್ತು ಬೆಳಕು ಕೂಡಿಸಿಕೊಳ್ಳಬಲ್ಲ ಕ್ಯಾಮೆರಾ ಫಲಕ. ಅದೇ ಕಂಪನಿಯವರು 2020ರಲ್ಲಿ ಹೊರತಂದ 12 ಮೆಗಾಪಿಕ್ಸೆಲ್ಲಿನದು ಧಾರಾಳ ಸಾಕು. ಮೂರು, ಸುಮಾರು ಒಂದೂವರೆ ಮಿ.ಮೀ. ಸಂಗಮದೂರದ ಮೀನುಗಣ್ಣಿನ ಮಸೂರ. ನಾಲ್ಕು, ಮಳೆ ಬಿಸಿಲಿಗೆ ತಡೆಯುವ ಕವಚ. ನಾಲ್ಕನೆಯದಕ್ಕೆ ದೂರ ಹೋಗಬೇಕಿಲ್ಲ. ಮನೆಯ ಕೊಳಾಯಿ ಕೆಲಸಕ್ಕೆ ತಂದು ಉಳಿದ ನಾಲ್ಕಂಗುಲದ ಪಿವಿಸಿ ಪೈಪಿನ ತುಂಡು, ಅದರ ಮುಚ್ಚಳ, ಮೇಲೆ ಕೂರಿಸಲು ಸಿಸಿಟಿವಿ ಕ್ಯಾಮೆರಾಗಳಿಗೆ ಹಾಕುವಂಥ ಪಾರದರ್ಶಕ ಅಕ್ರಿಲಿಕ್ ಗುಮ್ಮಟ. ಇವು ಮಂಡ್ಯದಂಥ ಊರಿನ ಅಂಗಡಿಗಳಲ್ಲಿ ದೊರಕದ ವಸ್ತುಗಳಲ್ಲ.

ಜೋಡಣೆಯೂ ಸರಳ. ಮಸೂರ ನೇರ ಮೇಲೆ ನೋಡುವಂತೆ ಕ್ಯಾಮೆರಾವನ್ನು ಪೈಪಿನ ಬಾಯಲ್ಲಿ ಕೂರಿಸಬೇಕು. ಗುಮ್ಮಟದ ಅಂಚಿಗೆ ಸಿಲಿಕೋನ್ ಅಂಟು ಮೆತ್ತಬೇಕು. ತಂತಿ ಹೊರಬರುವ ರಂಧ್ರ ತಳದಲ್ಲಿರಲಿ. ತಂತಿ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಲಿ. ಆಗ ಮಳೆಯ ನೀರು ತಂತಿಯ ಗುಂಟ ಒಳಗೆ ನುಗ್ಗದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ರಾತ್ರಿಯಿಡೀ ಚಿತ್ರ ತೆಗೆದು ಜೋಡಿಸಿಡುವ ಆಲ್‌ಸ್ಕೈ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಒಂದೊಂದು ಚಿತ್ರಕ್ಕೆ 30 ಸೆಕೆಂಡು ಬೆಳಕು ಕೊಟ್ಟರೆ ನಕ್ಷತ್ರ ಗೆರೆಯಾಗಿ ಎಳೆದುಕೊಳ್ಳುವುದಿಲ್ಲವೇ? ಲೆಕ್ಕ ಹಾಕಿ ನೋಡಬಹುದು. ಈ ಕ್ಯಾಮೆರಾದ ಚಿತ್ರದ ಎತ್ತರ 3,040 ಪಿಕ್ಸೆಲ್. ಅದರಲ್ಲಿ 180 ಡಿಗ್ರಿಯ ಆಕಾಶ ಕೂತರೆ ಡಿಗ್ರಿಗೆ ಸುಮಾರು 17 ಪಿಕ್ಸೆಲ್ ಬರುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವಂತೆ ಕಾಣುತ್ತದೆ, ಅಂದರೆ ಅರ್ಧ ನಿಮಿಷಕ್ಕೆ ಎಂಟನೆಯ ಒಂದು ಡಿಗ್ರಿ. ನಕ್ಷತ್ರ ಸರಿಯುವುದು ಎರಡೇ ಪಿಕ್ಸೆಲ್. ಹೀಗಾಗಿ ಅದು ಚುಕ್ಕೆಯಾಗಿಯೇ ಉಳಿಯುತ್ತದೆ. ಹುಣ್ಣಿಮೆಯ ಚಂದ್ರನೂ ಈ ಚಿತ್ರದಲ್ಲಿ ಎಂಟೊಂಬತ್ತು ಪಿಕ್ಸೆಲ್ಲಿನ ಪುಟ್ಟ ಬಿಲ್ಲೆ. ಚಂದ್ರನ ಕುಳಿಗಳನ್ನೋ ಶನಿಯ ಬಳೆಯನ್ನೋ ನೋಡುವ ಆಸೆಯಿದ್ದವರು ದೂರದರ್ಶಕದ ಮೊರೆ ಹೋಗಬೇಕು. ಸರ್ವಾಕಾಶ ಕ್ಯಾಮೆರಾ ಒಂದು ವಸ್ತುವನ್ನು ಹತ್ತಿರ ತರುವುದಿಲ್ಲ. ಇಡೀ ರಾತ್ರಿಯನ್ನು ಒಟ್ಟಿಗೆ ತೋರಿಸುತ್ತದೆ.

ಅಷ್ಟು ಹಣ ಹೂಡಲಾಗದವರಿಗೂ ಹಾದಿಯಿದೆ. ರಸ್ತೆಯ ತಿರುವುಗಳಲ್ಲಿ ಹಾಕುವಂಥ ಉಬ್ಬು ಕನ್ನಡಿಯನ್ನು ನೆಲದ ಮೇಲೆ ಅಂಗಾತ ಇಟ್ಟು, ಅದರ ಮೇಲೆ ಮೂರು ಕೋಲುಗಳ ಆಸರೆಯಲ್ಲಿ ಮೊಬೈಲ್ ಫೋನನ್ನು ಕೆಳಮುಖವಾಗಿ ಕಟ್ಟಿದರೆ ಅದೂ ಸರ್ವಾಕಾಶ ಕ್ಯಾಮೆರಾವೇ. ಯುರೋಪಿನ ಉಲ್ಕಾ ವೀಕ್ಷಣಾ ಠಾಣೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಇಂಥ ಉಬ್ಬು ಕನ್ನಡಿಗಳೇ. ಕನ್ನಡಿ ಸಿಗದಿದ್ದರೆ ಹೊಳಪು ಮಾಸದ ಸ್ಟೀಲ್ ಬಟ್ಟಲನ್ನು ಬೋರಲು ಹಾಕಿಯೂ ತತ್ತ್ವವನ್ನು ಕಲಿಯಬಹುದು.

ಇಬ್ಬನಿ, ಹೊಗೆ, ಕೋತಿ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಈ ಸೀಮೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಹಸಿ ಹಸಿ. ಆಕಾಶ ತಿಳಿಯಾಗುವ ಕಾಲವೂ ಅದೇ, ಗುಮ್ಮಟದ ಮೇಲೆ ಇಬ್ಬನಿ ಕೂರುವ ಕಾಲವೂ ಅದೇ. ಗಾಜು ಮಬ್ಬಾದರೆ ನಕ್ಷತ್ರಗಳೆಲ್ಲ ಹತ್ತಿಯ ಉಂಡೆಗಳಾಗುತ್ತವೆ. ಪರಿಹಾರ ಪಠ್ಯಪುಸ್ತಕದಲ್ಲೇ ಇದೆ. ತಲಾ 100 ಓಮ್‌ನ ಎಂಟು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಹನ್ನೆರಡೂವರೆ ಓಮ್. 5 ವೋಲ್ಟ್ ಕೊಟ್ಟರೆ ಅವು ಒಟ್ಟು 2 ವ್ಯಾಟ್ ಶಾಖ ಕೊಡುತ್ತವೆ. ಇವನ್ನು ಗುಮ್ಮಟದ ಬುಡದಲ್ಲಿ ಬಳೆಯಂತೆ ಸುತ್ತಿದರೆ ಅಕ್ರಿಲಿಕ್ ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿದ್ದು ಇಬ್ಬನಿ ಕೂರುವುದಿಲ್ಲ. ಒಂದೊಂದು ರೋಧಕದ ಪಾಲಿಗೆ ಕಾಲು ವ್ಯಾಟ್ ಬರುವುದರಿಂದ ಅರ್ಧ ವ್ಯಾಟ್ ತಾಳಿಕೆಯವನ್ನೇ ಕೊಳ್ಳಬೇಕು. ಒಳಗಿನ ತೇವಕ್ಕೆ ಹೊಸ ಚಪ್ಪಲಿ, ಬೂಟುಗಳ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿದರೆ ಸಾಕು.

ಇಬ್ಬನಿಯ ಜೊತೆಗೆ ಕಬ್ಬಿನ ಸೀಮೆಯ ತೊಂದರೆಯೂ ಉಂಟು. ಆಲೆಮನೆಯ ಹೊಗೆ, ಕಟಾವಾದ ಗದ್ದೆಯಲ್ಲಿ ಸುಡುವ ಕಬ್ಬಿನ ಸೋಗೆಯ ಮಸಿ ಗುಮ್ಮಟದ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ಮೆದು ಬಟ್ಟೆಯಿಂದ ನೀರು ಹಾಕಿ ಒರೆಸಬೇಕು. ಒಣ ಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ಹಗಲಿನ ಬಿಸಿಲಿಗೆ ಅಕ್ರಿಲಿಕ್ ಹಳದಿ ತಿರುಗದಿರಲು ಒಂದು ಬಿಳಿ ಬಕೆಟ್ ಬೋರಲು ಹಾಕಿ, ಸಂಜೆ ಮರೆಯದೆ ತೆಗೆಯಬೇಕು. ಇನ್ನು ಕೋತಿಗಳ ಕಾಟ. ಪೈಪನ್ನು ತಾರಸಿಯ ಕೈಪಿಡಿ ಗೋಡೆಗೆ ಕ್ಲಾಂಪು ಹಾಕಿ ಬಿಗಿಯದಿದ್ದರೆ ಅದು ಒಂದು ವಾರವೂ ನಿಂತ ದಿಕ್ಕಿನಲ್ಲಿ ನಿಲ್ಲದು.

ಚಿತ್ರವನ್ನು ಓದುವ ಬಗೆ

ಮೊದಲ ಚಿತ್ರ ನೋಡಿದ ವಿದ್ಯಾರ್ಥಿ ಗಲಿಬಿಲಿಗೊಳ್ಳುವುದು ದಿಕ್ಕಿನ ವಿಷಯದಲ್ಲಿ. ಉತ್ತರವನ್ನು ಮೇಲಿಟ್ಟರೆ ಪೂರ್ವ ಎಡಗಡೆಗೆ ಬರುತ್ತದೆ. ಭೂಪಟವನ್ನು ಮೇಲಿನಿಂದ ನೋಡುತ್ತೇವೆ, ಆಕಾಶವನ್ನು ಕೆಳಗಿನಿಂದ. ಆದ್ದರಿಂದ ಎಡ ಬಲ ಅದಲು ಬದಲು.

ರಾತ್ರಿಯ ಹತ್ತು ಗಂಟೆಯಲ್ಲಿ 30 ಸೆಕೆಂಡಿನ 1,200 ಚಿತ್ರಗಳಾಗುತ್ತವೆ. ಅವನ್ನೆಲ್ಲ ಒಂದರ ಮೇಲೊಂದು ಹೇರಿದರೆ ನಕ್ಷತ್ರಗಳ ಚಾಪಗಳು ಮೂಡುತ್ತವೆ. ಉತ್ತರದ ಚಾಪಗಳ ಕೇಂದ್ರವೇ ಆಕಾಶದ ಉತ್ತರ ಧ್ರುವ. ಅದು ಚಿತ್ರವೃತ್ತದ ಅಂಚಿನಿಂದ ಎಷ್ಟು ಒಳಗಿದೆ ಎಂದು ಅಳೆದು 17ರಿಂದ ಭಾಗಿಸಿದರೆ ಆ ಊರಿನ ಅಕ್ಷಾಂಶ ಹೆಚ್ಚು ಕಡಿಮೆ ದೊರಕುತ್ತದೆ. ಮಂಡ್ಯದಲ್ಲಿ ಈ ಅಂತರ ಸುಮಾರು 210 ಪಿಕ್ಸೆಲ್ ಇರಬೇಕು. ಭೂಪಟ ತೆರೆಯದೆ, ತನ್ನದೇ ತಾರಸಿಯಿಂದ ತನ್ನೂರು ಭೂಗೋಳದ ಮೇಲೆ ಎಲ್ಲಿದೆ ಎಂದು ಕಂಡುಕೊಳ್ಳುವುದು ಎಂಟನೆಯ ತರಗತಿಯ ಹುಡುಗಿಗೂ ಸಾಧ್ಯ. ಉತ್ತರ ದಿಕ್ಕಿಗೆ ಪಕ್ಕದ ಮನೆಯವರ ತೆಂಗಿನ ಮರ ಅಡ್ಡ ಬರದಿರಬೇಕು, ಅಷ್ಟೆ.

ಪ್ರತಿ ಚಿತ್ರದ ನಡುವಿನಿಂದ ಉತ್ತರ ದಕ್ಷಿಣವಾಗಿ ಒಂದು ಸಣ್ಣ ಪಟ್ಟಿ ಕತ್ತರಿಸಿ, ಪಟ್ಟಿಗಳನ್ನೆಲ್ಲ ಸಾಲಾಗಿ ಅಂಟಿಸುವ ಇನ್ನೊಂದು ಕ್ರಮವಿದೆ. ಇದರಿಂದ ಇಡೀ ರಾತ್ರಿ ಒಂದೇ ಚಿತ್ರದಲ್ಲಿ ಎಡದಿಂದ ಬಲಕ್ಕೆ ಹರಡಿಕೊಳ್ಳುತ್ತದೆ. ಎಷ್ಟು ಗಂಟೆಗೆ ಮೋಡ ಬಂತು, ಯಾವಾಗ ಚಂದ್ರ ಮುಳುಗಿದ, ಆಕಾಶಗಂಗೆ ನೆತ್ತಿ ದಾಟಿದ್ದು ಎಂದು, ಕರೆಂಟು ಹೋಗಿ ಊರು ಕತ್ತಲಾದದ್ದು ಯಾವಾಗ, ಎಲ್ಲವೂ ಅದರಲ್ಲಿ ಬರೆದಿರುತ್ತದೆ.

ಉಲ್ಕೆಗೆ ಹಾಕುವ ತ್ರಿಕೋನ

ಒಂದು ಕ್ಯಾಮೆರಾದಿಂದ ಇಷ್ಟಾದರೆ, ಮೂರು ಊರುಗಳಲ್ಲಿ ಮೂರು ಕ್ಯಾಮೆರಾಗಳಿದ್ದರೆ? ನಕ್ಷೆಯ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ನೇರ ಗೆರೆಗಳಿಂದ ಸೇರಿಸಿದರೆ ಒಂದು ಒಳ್ಳೆಯ ತ್ರಿಕೋನವಾಗುತ್ತದೆ. ಮಂಡ್ಯ–ಮದ್ದೂರು ಸುಮಾರು 17 ಕಿ.ಮೀ., ಮದ್ದೂರು–ಮಳವಳ್ಳಿ 22, ಮಳವಳ್ಳಿ–ಮಂಡ್ಯ 23. ರಸ್ತೆಯ ದೂರ ಇನ್ನೂ ಹೆಚ್ಚು, ಆದರೆ ಉಲ್ಕೆ ರಸ್ತೆಯಲ್ಲಿ ಬರುವುದಿಲ್ಲ.

ಉಲ್ಕೆಗಳು ಉರಿಯುವುದು ಬಹುತೇಕ 80ರಿಂದ 100 ಕಿ.ಮೀ. ಎತ್ತರದಲ್ಲಿ. ಮದ್ದೂರಿನ ಕ್ಯಾಮೆರಾದಲ್ಲಿ ಒಂದು ಉಲ್ಕೆ ಸರಿಯಾಗಿ ನೆತ್ತಿಯ ಮೇಲೆ ಆರಿಹೋಯಿತು ಎನ್ನಿ. ಅದೇ ಕ್ಷಣದ ಮಳವಳ್ಳಿಯ ಚಿತ್ರದಲ್ಲಿ ಅದು ನೆತ್ತಿಯಿಂದ ಉತ್ತರಕ್ಕೆ 13.7 ಡಿಗ್ರಿ ವಾಲಿ ಕಂಡರೆ, 22 ಕಿ.ಮೀ.ಯನ್ನು 13.7 ಡಿಗ್ರಿಯ ಟ್ಯಾನ್ ಬೆಲೆಯಿಂದ ಭಾಗಿಸಿದಾಗ 90 ಕಿ.ಮೀ. ಎಂಬ ಎತ್ತರ ಕೈಗೆ ಬರುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಗುಡಿಯ ಗೋಪುರ, ದೀಪಸ್ತಂಭಗಳ ಎತ್ತರ ಕಂಡುಹಿಡಿಯುವ ಲೆಕ್ಕವೇ ಇದು. ಗೋಪುರದ ಜಾಗದಲ್ಲಿ ಉರಿಯುವ ಕಲ್ಲು ಬಂದಿದೆ. ಮೂರು ಗಡಿಯಾರಗಳೂ ಸೆಕೆಂಡಿಗೆ ಸೆಕೆಂಡು ಹೊಂದಿರಬೇಕಾದ್ದು ಮುಖ್ಯ. ಅಂತರಜಾಲದ ಸಂಪರ್ಕವಿದ್ದರೆ ಕಂಪ್ಯೂಟರ್ ತಾನೇ ಅದನ್ನು ನೋಡಿಕೊಳ್ಳುತ್ತದೆ.

ಇದು ಬರಿಯ ಆಟವಲ್ಲ. 1959ರ ಏಪ್ರಿಲ್ 7ರಂದು ಆಗಿನ ಚೆಕೊಸ್ಲೊವಾಕಿಯದಲ್ಲಿ ಎರಡು ಠಾಣೆಗಳ ಕ್ಯಾಮೆರಾಗಳು ಒಂದೇ ಉಲ್ಕೆಯನ್ನು ಹಿಡಿದವು. ಆ ಚಿತ್ರಗಳಿಂದ ಅದು ಬಿದ್ದ ಜಾಗವನ್ನು ಲೆಕ್ಕ ಹಾಕಿ, ಪ್ರಿಬ್ರಾಮ್ ಊರಿನ ಬಳಿ ಅದರ ತುಣುಕುಗಳನ್ನು ಹುಡುಕಿ ತೆಗೆದರು. ಸೂರ್ಯನ ಸುತ್ತ ಅದು ಸುತ್ತುತ್ತಿದ್ದ ಕಕ್ಷೆಯೂ ತಿಳಿಯಿತು. ಛಾಯಾಚಿತ್ರದಿಂದ ಕಕ್ಷೆ ತಿಳಿದು, ಕೈಗೂ ಸಿಕ್ಕ ಮೊದಲ ಉಲ್ಕಾಶಿಲೆ ಅದು. ಮಂಡ್ಯದ ತ್ರಿಕೋನಕ್ಕೆ ಪ್ರಶಸ್ತ ರಾತ್ರಿ ಡಿಸೆಂಬರ್ 13–14ರ ಮಿಥುನ ಉಲ್ಕಾವೃಷ್ಟಿಯದು. ಮಳೆಗಾಲದ ಮೋಡ ಕಳೆದಿರುತ್ತದೆ, ಮಿಥುನ ರಾಶಿ ನಡುರಾತ್ರಿಯ ನಂತರ ನೆತ್ತಿಯ ಸಮೀಪಕ್ಕೆ ಬರುತ್ತದೆ.

ಬೆಳಕು ಹೊರಟ ಊರು

ಮೂರು ಕ್ಯಾಮೆರಾಗಳ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟಾಗ ಇನ್ನೊಂದು ಸಂಗತಿಯನ್ನೂ ಹೋಲಿಸಬಹುದು. ಬೆಂಗಳೂರು ಈ ಊರುಗಳ ಈಶಾನ್ಯಕ್ಕಿದೆ. ಮದ್ದೂರಿನಿಂದ ನೇರ ಗೆರೆಯಲ್ಲಿ 70 ಕಿ.ಮೀ. ಚಿಲ್ಲರೆ. ಮೈಸೂರು ಮಂಡ್ಯದ ನೈಋತ್ಯಕ್ಕೆ 40 ಕಿ.ಮೀ. ಒಳಗೆ. ಈ ಎರಡು ನಗರಗಳ ಬೆಳಕು ಧೂಳು, ತೇವಗಳಿಗೆ ತಾಗಿ ಚದುರಿ ಆಯಾ ದಿಗಂತದಲ್ಲಿ ಮಬ್ಬು ಕಮಾನಾಗಿ ನಿಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮದ್ದೂರು, ಮಂಡ್ಯಗಳನ್ನು ಹಾದು ಹೋಗುತ್ತದೆ. ಮಳವಳ್ಳಿಯ ಪೂರ್ವ, ಆಗ್ನೇಯ ದಿಕ್ಕಿಗೆ ಮಾತ್ರ ಮುತ್ತತ್ತಿಯ ಕಡೆಯ ಕಾಡು, ಕಾವೇರಿ ವನ್ಯಧಾಮ. ಕತ್ತಲು ಇನ್ನೂ ಉಳಿದಿರುವ ದಿಕ್ಕು ಅದು.

ಅದೇ ದಿಕ್ಕಿನಲ್ಲಿ ಶಿವನಸಮುದ್ರವೂ ಇದೆ ಎಂಬುದು ಇತಿಹಾಸದ ಒಂದು ಸೋಜಿಗ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಇಲ್ಲಿನ ಜಲವಿದ್ಯುತ್ ಕೇಂದ್ರ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದೂ ಇಲ್ಲಿಯ ನೀರಿನ ಬಲದಿಂದಲೇ. ಮಳವಳ್ಳಿ ತಾಲ್ಲೂಕಿನಿಂದ ಹೊರಟ ಬೆಳಕು ನಗರವಾಗಿ ಬೆಳೆದು ಈಗ ಮಳವಳ್ಳಿಯ ಈಶಾನ್ಯ ದಿಗಂತಕ್ಕೇ ಮರಳಿ ಬಂದಿದೆ.

ಬೆಳಕು ಬೇಡವೆಂದು ಯಾರೂ ಹೇಳಲಾರರು. ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿದ ತಲೆಮಾರಿಗೆ ದೀಪದ ಬೆಲೆ ಚೆನ್ನಾಗಿ ಗೊತ್ತು. ತಕರಾರಿರುವುದು ಮೇಲಕ್ಕೆ ಚೆಲ್ಲಿ ಹೋಗುವ ಬೆಳಕಿನ ಬಗ್ಗೆ. ಆ ಬೆಳಕಿನಲ್ಲಿ ಯಾರೂ ಓದುವುದಿಲ್ಲ, ಯಾರೂ ನಡೆಯುವುದಿಲ್ಲ. ಅದಕ್ಕೆ ಬಿಲ್ಲು ಮಾತ್ರ ಬರುತ್ತದೆ. 2016ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯೊಂದರ ಪ್ರಕಾರ ಮನುಕುಲದ ಮೂರನೆಯ ಒಂದಕ್ಕಿಂತ ಹೆಚ್ಚು ಜನಕ್ಕೆ ತಮ್ಮೂರಿನಿಂದ ಆಕಾಶಗಂಗೆ ಕಾಣುವುದಿಲ್ಲ. 2023ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ, 2011ರಿಂದ 2022ರವರೆಗೆ ಸಾಮಾನ್ಯ ಜನ ಕಣ್ಣಾರೆ ಎಣಿಸಿ ಕಳಿಸಿದ ಮಾಹಿತಿಯಿಂದ, ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ನೂರಕ್ಕೆ ಹತ್ತರ ಸಮೀಪದ ದರದಲ್ಲಿ ಏರುತ್ತಿದೆ ಎಂದು ತೋರಿಸಿತು. 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು ಹದಿನೆಂಟು ತುಂಬುವ ಹೊತ್ತಿಗೆ ಅಲ್ಲಿ ಉಳಿಯುವುದು 100 ನಕ್ಷತ್ರ ಎಂಬುದು ಆ ವಿಜ್ಞಾನಿಗಳು ಕೊಟ್ಟ ಉದಾಹರಣೆ.

ಇದು ಲೋಕದ ಸರಾಸರಿ. ಮಂಡ್ಯದ ಲೆಕ್ಕವನ್ನು ಮಂಡ್ಯದವರೇ ಇಡಬಹುದು. ಪ್ರತಿ ತಿಂಗಳು ಅಮಾವಾಸ್ಯೆಯ ಹತ್ತಿರದ ತಿಳಿ ರಾತ್ರಿಯಲ್ಲಿ, ಅದೇ ಗಂಟೆಗೆ, ಒಂದೇ ಅವಧಿಯ ಬೆಳಕು ಕೊಟ್ಟು ಚಿತ್ರ ತೆಗೆಯಬೇಕು. ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುವ ಏರ್ಪಾಡನ್ನು ಆಗ ಬಂದ್ ಮಾಡಿರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಈಶಾನ್ಯದಲ್ಲೂ ಆಗ್ನೇಯದಲ್ಲೂ ದಿಗಂತದಿಂದ 30 ಡಿಗ್ರಿ ಮೇಲಿನ ಒಂದೊಂದು ಚೌಕದ ಸರಾಸರಿ ಹೊಳಪನ್ನು ದಾಖಲಿಸಬೇಕು. ಬೀದಿದೀಪಗಳಿಗೆ ಮೇಲ್ಮುಚ್ಚಳ ಹಾಕಿಸಿ ಎಂದು ಪುರಸಭೆಯನ್ನು ಕೇಳುವಾಗ ಇಂಥ ದಾಖಲೆಗೆ ಬರಿಯ ಮಾತಿಗಿಲ್ಲದ ತೂಕವಿರುತ್ತದೆ.

ಪೋಷಕರಿಗೆ ಒಂದೆರಡು ಮಾತು

ರಾತ್ರಿ ನಿದ್ದೆಗೆಟ್ಟು ಆಕಾಶ ನೋಡಿದರೆ ಓದಿನ ಗತಿಯೇನು ಎಂಬ ಅಳುಕು ಸಹಜ. ಈ ಕ್ಯಾಮೆರಾದ ಸೊಗಸೇ ಅದು ಎಚ್ಚರವಿದ್ದು ಮಕ್ಕಳು ಮಲಗುವುದು. ಬೆಳಿಗ್ಗೆ ಹತ್ತು ನಿಮಿಷ ಚಿತ್ರಗಳನ್ನು ತಿರುವಿ ಹಾಕಿ, ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು. ವಕ್ರೀಭವನ, ಓಮ್‌ನ ನಿಯಮ, ತ್ರಿಕೋನಮಿತಿ, ಅಕ್ಷಾಂಶ, ಸರಾಸರಿ ಎಲ್ಲವೂ ಪಠ್ಯದವೇ. ಖರ್ಚು ಒಂದು ಸಾಧಾರಣ ಮೊಬೈಲ್ ಫೋನಿನಷ್ಟು. ಒಂದು ಮನೆಗೆ ಅದು ಭಾರವಾದರೆ ಶಾಲೆಯ ವಿಜ್ಞಾನ ಸಂಘ ಹೊರಬಹುದು. ಗುಡುಗು ಮಿಂಚಿನ ಸಂಜೆ ಪ್ಲಗ್ ಕಳಚಿಡುವುದು, ತಾರಸಿಗೆ ಕತ್ತಲಲ್ಲಿ ಒಬ್ಬರೇ ಹತ್ತದಿರುವುದು, ನೆರೆಯವರ ಅಂಗಳ ಚಿತ್ರದಲ್ಲಿ ಬಾರದಂತೆ ಕೈಪಿಡಿ ಗೋಡೆಯ ಮರೆಯಲ್ಲಿ ಕೊಳವೆ ನಿಲ್ಲಿಸುವುದು, ಈ ಮೂರು ಎಚ್ಚರ ಸಾಕು.

ಮೊದಲ ರಾತ್ರಿಯ ಚಿತ್ರ ಅಷ್ಟೇನೂ ಚೆನ್ನಾಗಿ ಬಾರದಿರಬಹುದು. ಆದರೂ ಅದನ್ನು ಅಳಿಸಬೇಡಿ. ಊರು, ತಾರೀಖು, ಗಂಟೆ, ಬೆಳಕು ಕೊಟ್ಟ ಸೆಕೆಂಡು ಇವಿಷ್ಟನ್ನು ಬರೆದು ಜೋಪಾನ ಮಾಡಿ. ಹತ್ತು ವರ್ಷ ಕಳೆದು ಅದೇ ತಾರಸಿಯಿಂದ ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟು ನಕ್ಷತ್ರಗಳನ್ನು ಎಣಿಸಲು ಕೂರುವವರಿಗೆ ಆ ನಾಲ್ಕು ವಿವರ ಬೇಕೇ ಬೇಕು.